ಹಿರಿಯರು ಏನು ಹೇಳಿದರು ಅನ್ನುವುದಷ್ಟೇ ಸಾಲದು, ಯಾಕೆ ಹೇಳಿದರು ಅನ್ನುವುದೂ ಬೇಕು

ಪ್ರಶ್ನೆ: ನನಗೀಗ 54 ವರ್ಷ. ತಂದೆ ತೀರಿಕೊಂಡು ಎರಡು ವರ್ಷವಾಯಿತು. ತಾಯಿಗೆ 81. ಇತ್ತೀಚೆಗೆ ಅವರಿಗೆ ಮರೆವು ಜಾಸ್ತಿಯಾಗುತ್ತಿದೆ. ಆಸ್ತಿಪಾಸ್ತಿ ವಿಷಯವೆಲ್ಲ ಕಾಗದದ ಮೇಲೆ ಸರಿಯಾಗಿದೆ. ಆದರೆ ನಮ್ಮ ಹಿರಿಯರು ಬದುಕಿದ ರೀತಿ, ಅವರ ತಿಳಿವಳಿಕೆ, ಎಲ್ಲ ನನ್ನ ಕಾಲಕ್ಕೇ ಮುಗಿದುಹೋಗುತ್ತದೇನೋ ಅನ್ನಿಸುತ್ತಿದೆ. ಹಾಗಂತ ಅವರದ್ದೆಲ್ಲ ಒಳ್ಳೆಯದೇ ಆಗಿತ್ತು ಅಂತ ಹೇಳಲಾರೆ. ತಂದೆಗೆ ಕೈ ಎತ್ತುವಷ್ಟು ಸಿಟ್ಟು ಬರುತ್ತಿತ್ತು. ಮನೆಯಲ್ಲಿ ಗಂಡುಮಕ್ಕಳಿಗೊಂದು ನ್ಯಾಯ, ಹೆಣ್ಣುಮಕ್ಕಳಿಗೊಂದು ನ್ಯಾಯ. ನನ್ನ ಇಬ್ಬರು ಮಕ್ಕಳು ದೊಡ್ಡವರಾಗಿ ದೂರದಲ್ಲಿದ್ದಾರೆ. ಹಳೆಯದನ್ನು ಹೇಳಲು ಹೋದರೆ "ಅಮ್ಮ, ಉಪದೇಶ ಬೇಡ" ಅನ್ನುತ್ತಾರೆ. ಹಿರಿಯರಿಂದ ಯಾವುದನ್ನು ಉಳಿಸಿಕೊಳ್ಳಲಿ? ಯಾವುದನ್ನು ನನ್ನಲ್ಲೇ ನಿಲ್ಲಿಸಲಿ? ಮಕ್ಕಳಿಗೆ ಹೇಗೆ ದಾಟಿಸಲಿ?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಕೇಳದೇ ಬಿಟ್ಟ ನಾಲ್ಕನೆಯದೇ ಎಲ್ಲಕ್ಕಿಂತ ತುರ್ತಿನದು. ತಾಯಿಯ ಜೊತೆ ಯಾವಾಗ ಕೂರಬೇಕು? ಈ ವಾರವೇ ಕೂರಿ. ಮಕ್ಕಳಿಗೆ ಹೇಳಲು ನಿಮಗಿನ್ನೂ ವರ್ಷಗಳಿವೆ. ತಾಯಿಯ ನೆನಪಿಗೆ ಅಷ್ಟು ಸಮಯ ಇಲ್ಲದಿರಬಹುದು. ಜೊತೆಗೆ ಅವರನ್ನು ಒಮ್ಮೆ ವೈದ್ಯರಿಗೂ ತೋರಿಸಿ. ವಯಸ್ಸಾದವರ ಮರೆವಿಗೆಲ್ಲ ಒಂದೇ ಕಾರಣ ಇರುವುದಿಲ್ಲ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳು, ಸರಿಯಾಗಿ ಕಿವಿ ಕೇಳಿಸದಿರುವುದು, ಇವೂ ಮರೆವಿನ ಹಾಗೆ ಕಾಣುತ್ತವೆ. ಇವುಗಳಲ್ಲಿ ಬಹುಪಾಲಿಗೆ ಪರಿಹಾರ ಇದೆ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಹಿರಿಯರ ತಿಳಿವಳಿಕೆ ಅಂದ ಕೂಡಲೇ ನಮಗೆ ನೆನಪಾಗುವುದು ಅವರ ಮಾತುಗಳು. ಸಾಲ ಮಾಡಬೇಡ. ಮುಸ್ಸಂಜೆ ಹೊತ್ತಲ್ಲಿ ಜಗಳ ತೆಗೆಯಬೇಡ. ಇಂಥವರನ್ನು ನಂಬು, ಇಂಥವರನ್ನು ನಂಬಬೇಡ. ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಕೆಲಸ ಮುಗಿಯಿತು ಅಂತ ಅನೇಕರು ಅಂದುಕೊಳ್ಳುತ್ತಾರೆ. ಹಿರಿಯರ ನೆನಪುಗಳನ್ನು ದಾಖಲಿಸುವ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದು ಬೇರೆ. ಮಾತು ಸಿಗುವುದು ಸುಲಭ. ಆ ಮಾತು ಯಾವ ಪೆಟ್ಟು ತಿಂದು ಹುಟ್ಟಿತು ಅನ್ನುವುದು ಸಿಗುವುದು ಕಷ್ಟ. ಅದು ಸಿಗದೇ ಹೋದರೆ ಎರಡರಲ್ಲಿ ಒಂದಾಗುತ್ತದೆ. ಮುಂದಿನವರು ಆ ಮಾತನ್ನು ಬಿಸಾಡುತ್ತಾರೆ. ಇಲ್ಲವೇ ಕಾರಣವೇ ಗೊತ್ತಿಲ್ಲದ ಕಟ್ಟಳೆಯಾಗಿ ಹಿಡಿದುಕೊಂಡು ಮನೆಯವರನ್ನು ಗೋಳು ಹೊಯ್ದುಕೊಳ್ಳುತ್ತಾರೆ.

ಕಾರಣ ಸಮೇತ ದಾಟಿದ ತಿಳಿವಳಿಕೆ ಏನು ಮಾಡಬಲ್ಲದು ಅನ್ನುವುದಕ್ಕೆ ಇಂಡೋನೇಷ್ಯಾದ ಸಿಮೆಉಲುವೆ ದ್ವೀಪಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ಅದು ಸುಮಾತ್ರಾದ ಪಶ್ಚಿಮ ಕರಾವಳಿಯ ಆಚೆ ಇದೆ. 1907ರಲ್ಲಿ ಅಲ್ಲಿ ಭೂಕಂಪವಾಯಿತು, ಹಿಂದೆಯೇ ಸುನಾಮಿ ಬಂತು, ಬಹಳ ಜನ ಸತ್ತರು. ದ್ವೀಪದವರು ಆ ಅಲೆಯನ್ನು ಸ್ಮೊಂಗ್ ಅನ್ನುತ್ತಾರೆ. ಬದುಕುಳಿದವರು ಅದನ್ನು ಮಕ್ಕಳಿಗೆ ಹೇಳಿದರು. ಆ ಮಕ್ಕಳು ತಮ್ಮ ಮಕ್ಕಳಿಗೆ ಹೇಳಿದರು. ಕತೆಯಾಗಿ ಹೇಳಿದರು, ಹಾಡಾಗಿಯೂ ಹಾಡಿದರು. ನೆಲ ಜೋರಾಗಿ ನಡುಗಿ, ಆಮೇಲೆ ಕಡಲು ಹಿಂದೆ ಸರಿದರೆ, ಏನನ್ನೂ ಎತ್ತಿಕೊಳ್ಳಲು ನಿಲ್ಲದೆ ಗುಡ್ಡಕ್ಕೆ ಓಡಬೇಕು. 2004ರ ಡಿಸೆಂಬರ್ 26ರಂದು ನೆಲ ನಡುಗಿದಾಗ ಆ ದ್ವೀಪ ಭೂಕಂಪದ ಕೇಂದ್ರಕ್ಕೆ ತೀರಾ ಹತ್ತಿರದಲ್ಲಿತ್ತು. ಅಲೆ ತಲುಪಲು ಹೆಚ್ಚು ಹೊತ್ತೂ ಬೇಕಾಗಲಿಲ್ಲ. ಕೆಲವು ಕಡೆ ಹತ್ತು ನಿಮಿಷದೊಳಗೇ ನೀರು ಬಂತು. ಸುಮಾರು 78,000 ಜನ ಇದ್ದ ದ್ವೀಪದಲ್ಲಿ ಸತ್ತವರು ಏಳು ಮಂದಿ. ಎದುರಿನ ಸುಮಾತ್ರಾ ಕರಾವಳಿಯಲ್ಲಿ ಅದೇ ದಿನ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು.

ಆ ಕತೆಯಲ್ಲಿ ಏನೇನಿತ್ತು ಅಂತ ಸ್ವಲ್ಪ ನೋಡಿ. ಏನಾಗಿತ್ತು ಅನ್ನುವುದಿತ್ತು. ಯಾವ ಗುರುತು ಕಂಡರೆ ಎಚ್ಚರವಾಗಬೇಕು ಅನ್ನುವುದಿತ್ತು. ಆಗ ಏನು ಮಾಡಬೇಕು ಅನ್ನುವುದಿತ್ತು. "ಕಡಲಿಗೆ ಹೆದರು" ಅಂತ ಅಜ್ಜ ಹೇಳಿದ್ದಷ್ಟೇ ಉಳಿದಿದ್ದರೆ ಮೀನು ಹಿಡಿದು ಬದುಕುವ ಮೊಮ್ಮಗ ಅದನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಕಾರಣ ಗೊತ್ತಿದ್ದದ್ದರಿಂದ ಅವನು ಮಾಮೂಲಿ ದಿನ ಧೈರ್ಯವಾಗಿ ಕಡಲಿಗಿಳಿದ. ಓಡಬೇಕಾದ ದಿನ ಓಡಿದ.

ಜಪಾನಿನ ಅನೆಯೋಶಿ ಅನ್ನುವ ಪುಟ್ಟ ಊರಿನದ್ದೂ ಹೀಗೇ. 1896ರಲ್ಲೂ 1933ರಲ್ಲೂ ಸುನಾಮಿ ಆ ಊರನ್ನು ಹೇಳಹೆಸರಿಲ್ಲದಂತೆ ಮಾಡಿತ್ತು. ಎರಡನೆಯ ಸಲ ಉಳಿದವರು ಗುಡ್ಡದ ದಾರಿಯ ಪಕ್ಕದಲ್ಲಿ ಒಂದು ಕಲ್ಲು ನೆಟ್ಟರು. ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿ ಅಂತ ಅದರ ಮೇಲೆ ಕೆತ್ತಿದರು. ಎರಡೂ ಸಲ ಏನಾಯಿತು ಅನ್ನುವುದನ್ನೂ ಅದೇ ಕಲ್ಲಲ್ಲಿ ಕೆತ್ತಿದರು. 2011ರ ಮಾರ್ಚ್‌ನಲ್ಲಿ ನೀರು ಆ ಕಲ್ಲಿನ ಕೆಳಗೇ ನಿಂತಿತು. ಮೇಲಿದ್ದ ಮನೆಗಳು ಉಳಿದವು. ಆ ಕರಾವಳಿಯುದ್ದಕ್ಕೂ ಇಂಥ ಕಲ್ಲುಗಳು ನೂರಾರಿವೆ. ಎಲ್ಲ ಕಡೆ ಜನ ಅವುಗಳ ಮಾತು ಕೇಳಿರಲಿಲ್ಲ. ಹಾಗಾಗಿ ಕಲ್ಲು ನೆಟ್ಟ ಮಾತ್ರಕ್ಕೆ ಮುಗಿಯುವುದಿಲ್ಲ. ಅದು ಕಣ್ಣಿಗೆ ಬೀಳುತ್ತಿರಬೇಕು, ಅದರ ಬಗ್ಗೆ ಮನೆಮನೆಯಲ್ಲಿ ಮಾತಾಗುತ್ತಿರಬೇಕು.

ಇವು ಯಾಕೆ ಅಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಬರಿಯ ಬಾಯಿಮಾತಿನಲ್ಲಿ ಬದುಕಿರುವ ನೆನಪಿನ ಆಯಸ್ಸು ಸುಮಾರು 80ರಿಂದ 100 ವರ್ಷ ಅಂತ ಜರ್ಮನಿಯ ವಿದ್ವಾಂಸ ಯಾನ್ ಅಸ್ಮನ್ ಹೇಳಿದ್ದಾರೆ. ಅಂದರೆ ಮೂರು ತಲೆಮಾರು, ತುಂಬಾ ಅಂದರೆ ನಾಲ್ಕು. ಆಮೇಲೆ ಯಾರಾದರೂ ಅದಕ್ಕೆ ಹಾಡಿನ, ಬರಹದ, ಆಚರಣೆಯ ರೂಪ ಕೊಟ್ಟಿದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ಸ್ಮೊಂಗ್ ಕತೆ 97 ವರ್ಷ ದಾಟಿದ್ದು ಅದಕ್ಕೆ ಅಂಥ ರೂಪ ಇದ್ದದ್ದರಿಂದ. ನಿಮ್ಮ ತಾಯಿ ತಮ್ಮ ಅಜ್ಜಿಯಿಂದ ಕೇಳಿದ್ದು ಏನಾದರೂ ಇದ್ದರೆ ಅದು ಈಗಾಗಲೇ ನೂರು ವರ್ಷಕ್ಕಿಂತ ಹಳೆಯದಿರಬಹುದು. ಅದು ಉಳಿದಿರುವುದು ಬಹುಶಃ ಅವರೊಬ್ಬರ ತಲೆಯಲ್ಲಿ ಮಾತ್ರ. ನಿಮ್ಮ ಭಯ ಸುಮ್ನೆ ಬಂದ ಭಯ ಅಲ್ಲ.

ಹಾಗಾದರೆ ತಾಯಿಯ ಹತ್ತಿರ ಏನು ಕೇಳಬೇಕು? "ನಿಮ್ಮ ಜೀವನದ ಬಗ್ಗೆ ಹೇಳಿ" ಅಂತ ಮಾತ್ರ ಕೇಳಬೇಡಿ. ಅಂಥ ದೊಡ್ಡ ಪ್ರಶ್ನೆಗೆ "ಏನಿದೆ ಹೇಳೋಕೆ, ಎಲ್ಲರ ಹಾಗೆ ನಮ್ದೂ ಆಯ್ತು" ಅನ್ನುವ ಉತ್ತರ ಬರುತ್ತದೆ. ಚಿಕ್ಕದಾಗಿ ಕೇಳಿ. ನೀವು ಹತ್ತು ವರ್ಷದವರಿದ್ದಾಗ ಇದ್ದ ಮನೆಯ ಬಾಗಿಲು ದಾಟಿದರೆ ಬಲಗಡೆ ಏನಿತ್ತು? ರಾತ್ರಿ ಯಾರು ಎಲ್ಲಿ ಮಲಗುತ್ತಿದ್ದಿರಿ? ಮನೆಯಲ್ಲಿ ದುಡ್ಡು ಯಾರ ಕೈಯಲ್ಲಿರುತ್ತಿತ್ತು? ಬಹುತೇಕರಿಗೆ ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳು ಉಳಿದ ಕಾಲದ್ದಕ್ಕಿಂತ ಗಟ್ಟಿಯಾಗಿರುತ್ತವೆ. ಮನಶ್ಶಾಸ್ತ್ರಜ್ಞರು ಇದನ್ನು ಬೇರೆ ಬೇರೆ ದೇಶಗಳಲ್ಲಿ ನೋಡಿದ್ದಾರೆ. ಮರೆವು ಶುರುವಾದಾಗಲೂ ಸಾಮಾನ್ಯವಾಗಿ ಮೊದಲು ಜಾರುವುದು ಹೊಸ ನೆನಪು. ನಿನ್ನೆ ಯಾರು ಬಂದಿದ್ದರು ಅಂತ ತಾಯಿಗೆ ಗೊತ್ತಿಲ್ಲದಿದ್ದರೂ ಮದುವೆಯ ಹಿಂದಿನ ದಿನ ಯಾರು ಅತ್ತರು ಅನ್ನುವುದು ಗೊತ್ತಿರುತ್ತದೆ.

ಹೀಗೆ ಮಾತು ಶುರುವಾದ ಮೇಲೆ ಕಷ್ಟಕಾಲದ ಕಡೆಗೆ ಹೋಗಿ. ನನ್ನ ಮಟ್ಟಿಗೆ ಇದೇ ಮುಖ್ಯ ಭಾಗ. ಎಲ್ಲಕ್ಕಿಂತ ಕಷ್ಟದ ವರ್ಷ ಯಾವುದು? ಆಗ ಮೊದಲು ಏನನ್ನು ಮಾರಿದಿರಿ? ಏನೇ ಆದರೂ ಮಾರಬಾರದು ಅಂತ ಯಾವುದನ್ನು ಇಟ್ಟುಕೊಂಡಿರಿ? ಸಹಾಯಕ್ಕೆ ಯಾರ ಮನೆಗೆ ಹೋದಿರಿ, ಯಾರ ಮನೆಗೆ ಹೋಗಲೇಬಾರದು ಅಂತ ತೀರ್ಮಾನ ಮಾಡಿದಿರಿ? ಒಂದು ಕುಟುಂಬದ ತಿಳಿವಳಿಕೆ ಇರುವುದು ಇಂಥ ತೀರ್ಮಾನಗಳಲ್ಲಿ. ಗಾದೆಗಳು ಎಲ್ಲರ ಮನೆಯಲ್ಲೂ ಒಂದೇ. ಯಾವುದನ್ನು ಕೊನೆಯವರೆಗೂ ಮಾರಲಿಲ್ಲ ಅನ್ನುವುದು ಆಯಾ ಮನೆಗೇ ಸೇರಿದ್ದು.

ಅವರು ಸದಾ ಹೇಳುವ ಮಾತು ಒಂದೆರಡು ಇದ್ದೇ ಇರುತ್ತವೆ, ಅಲ್ವಾ? ಅವನ್ನು ಹಿಡಿದು ಕೇಳಿ. ಇದನ್ನು ನಿಮಗೆ ಯಾರು ಹೇಳಿದ್ದು? ಅವರು ಯಾವ ಸಂದರ್ಭದಲ್ಲಿ ಹೇಳಿದರು? ಹಾಗೆ ಮಾಡದವರಿಗೆ ಏನಾಯಿತು? ಹೀಗೆ ಎರಡು ಮೂರು ಹೆಜ್ಜೆ ಹಿಂದೆ ಹೋದರೆ "ಸಾಲ ಮಾಡಬೇಡ" ಅನ್ನುವ ಮಾತಿನ ಹಿಂದೆ ಮನೆ ಕಳೆದುಕೊಂಡ ಒಬ್ಬ ಚಿಕ್ಕಪ್ಪ ಇರಬಹುದು. ಆಗ ಆ ಮಾತಿನ ಗುರಿ ಯಾವುದು ಅಂತ ಗೊತ್ತಾಗುತ್ತದೆ. ಅದು ಎಲ್ಲ ಸಾಲದ ಬಗ್ಗೆಯೋ, ಇನ್ನೊಬ್ಬರಿಗೆ ಜಾಮೀನು ನಿಲ್ಲುವುದರ ಬಗ್ಗೆಯೋ, ಮನೆಯವರಿಗೆ ಹೇಳದೆ ಮಾಡುವ ಸಾಲದ ಬಗ್ಗೆಯೋ? ಮುಂದೆ ಯಾವುದಕ್ಕಾದರೂ ಸಾಲ ತೆಗೆಯಬೇಕಾಗಿ ಬರಬಹುದಾದ ನಿಮ್ಮ ಮಕ್ಕಳಿಗೆ ಈ ವ್ಯತ್ಯಾಸ ಬೇಕೇ ಬೇಕು.

ಕೆಲವು ಸಣ್ಣ ವಿಷಯಗಳು. ಬೆಳಗ್ಗೆ ಹೊತ್ತಲ್ಲಿ ಕೂರಿ. ಮರೆವಿರುವ ಅನೇಕರಿಗೆ ಸಂಜೆ ಗೊಂದಲ ಜಾಸ್ತಿ. ಅರ್ಧ ಗಂಟೆ ಸಾಕು, ಮುಕ್ಕಾಲು ಗಂಟೆ ದಾಟಬೇಡಿ. ಫೋನಿನಲ್ಲಿ ರೆಕಾರ್ಡ್ ಮಾಡಿ, ಆದರೆ ಕೇಳಿ ಮಾಡಿ. ಹಳೆಯ ಫೋಟೋ ಅಥವಾ ಅವರು ಬಳಸುತ್ತಿದ್ದ ವಸ್ತು ಏನಾದರೂ ಕೈಗೆ ಕೊಡಿ, ಪ್ರಶ್ನೆಗಿಂತ ಅದು ಜಾಸ್ತಿ ಮಾತಾಡಿಸುತ್ತದೆ. ಫೋಟೋದಲ್ಲಿರುವವರ ಹೆಸರನ್ನು ಆಗಲೇ ಹಿಂಬದಿಯಲ್ಲಿ ಮೆತ್ತಗಿನ ಪೆನ್ಸಿಲಿನಿಂದ ಬರೆಯಿರಿ. ಬಾಲ್‌ಪೆನ್ ಒತ್ತಿದರೆ ಮುಂಬದಿಯ ಚಿತ್ರದ ಮೇಲೆ ಗುರುತು ಬೀಳುತ್ತದೆ. ತಾಯಿ ಮಾತು ನಿಲ್ಲಿಸಿದರೆ ತಕ್ಷಣ ಇನ್ನೊಂದು ಪ್ರಶ್ನೆ ಹಾಕಬೇಡಿ, ಸ್ವಲ್ಪ ಕಾಯಿರಿ. ಇಸವಿ ತಪ್ಪು ಹೇಳಿದರೆ ತಿದ್ದಬೇಡಿ. "ಇದನ್ನ ಆಗಲೇ ಹೇಳಿದ್ರಿ" ಅಂತಂತೂ ದಯವಿಟ್ಟು ಹೇಳಬೇಡಿ. ಅವರು ನಾಲ್ಕು ಸಲ ಹೇಳಿದ ಕತೆಯೇ ಅವರ ಪಾಲಿಗೆ ಮುಖ್ಯವಾದ ಕತೆ ಇರಬಹುದು. ನಿಮ್ಮ ಅಣ್ಣತಮ್ಮಂದಿರೋ ಅಕ್ಕತಂಗಿಯರೋ ಅದನ್ನೇ ಬೇರೆ ಥರ ಹೇಳಿದರೆ ಯಾವುದು ಸರಿ ಅಂತ ಜಗಳಕ್ಕೆ ಹೋಗದೆ ಎರಡನ್ನೂ ಇಟ್ಟುಕೊಳ್ಳಿ.

ಮಾತು ಹದಕ್ಕೆ ಬಂದ ದಿನ ಒಂದು ಪ್ರಶ್ನೆ ಕೇಳಿ: "ನಿಮ್ಮ ಹಿರಿಯರಿಂದ ಬಂದದ್ದರಲ್ಲಿ ಯಾವುದು ನಮಗೆ ಬರಬಾರದು ಅಂತ ನಿಮಗಿತ್ತು?" ಈ ಪ್ರಶ್ನೆಯನ್ನು ಹಿರಿಯ ಹೆಂಗಸರಿಗೆ ಯಾರೂ ಕೇಳಿರುವುದಿಲ್ಲ. ಆದರೆ ಉತ್ತರ ಅವರ ಹತ್ತಿರ ತಯಾರಾಗಿರುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ತಾಯಿಯಿಂದಲೇ ಸಿಗಬಹುದು.

ಆ ಎರಡನೆಯ ಪ್ರಶ್ನೆ ಕೇಳಿದ್ದಕ್ಕೆ ನನಗೆ ನಿಮ್ಮ ಮೇಲೆ ಗೌರವ ಬಂತು. ಹಿರಿಯರು ಅಂದ ತಕ್ಷಣ ಎಲ್ಲದಕ್ಕೂ ಕೈ ಮುಗಿಯುವುದೂ ಸುಲಭ, ಎಲ್ಲವನ್ನೂ ಹಳೆಯ ಕಂದಾಚಾರ ಅಂತ ತಳ್ಳುವುದೂ ಸುಲಭ. ನೀವು ಎರಡನ್ನೂ ಮಾಡಿಲ್ಲ. ಇಲ್ಲೂ ನನ್ನ ಸಲಹೆ ಅದೇ: ಕಾರಣ ಹುಡುಕಿ. ಬಿಡಬೇಕಾದದ್ದಕ್ಕೂ ಕಾರಣ ಇರುತ್ತದೆ. ಅದು ಗೊತ್ತಾದರೆ ಬಿಡುವ ದಾರಿಯೂ ಕಾಣುತ್ತದೆ.

ಚೀನಾದಲ್ಲಿ ಹೆಣ್ಣುಮಕ್ಕಳ ಪಾದ ಕಟ್ಟುವ ಪದ್ಧತಿ ನೂರಾರು ವರ್ಷ ನಡೆಯಿತು. ಐದಾರು ವರ್ಷದ ಹುಡುಗಿಯ ಪಾದದ ಬೆರಳುಗಳನ್ನು ಮಡಚಿ, ಬಟ್ಟೆಯಿಂದ ಬಿಗಿದು, ಪಾದ ಬೆಳೆಯದಂತೆ ಮಾಡುತ್ತಿದ್ದರು. ಮಾಡುತ್ತಿದ್ದವರು ಹೆಚ್ಚಾಗಿ ತಾಯಂದಿರು, ಅಜ್ಜಿಯರು. ಅವರು ಕ್ರೂರಿಗಳಾಗಿರಲಿಲ್ಲ. ಪಾದ ಕಟ್ಟದಿದ್ದರೆ ಒಳ್ಳೆಯ ಮನೆಗೆ ಮಗಳ ಮದುವೆ ಆಗುವುದಿಲ್ಲ ಅನ್ನುವ ಭಯ ಅವರಿಗಿತ್ತು. ಅರಸರ ನಿಷೇಧಗಳಿಂದಲೂ ಅದು ನಿಂತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆಲವು ಸಂಘಗಳು ಹುಟ್ಟಿಕೊಂಡವು. ಅವುಗಳಿಗೆ ಸೇರುವವರು ಎರಡು ಮಾತು ಕೊಡುತ್ತಿದ್ದರು. ನಮ್ಮ ಮಗಳ ಪಾದ ಕಟ್ಟುವುದಿಲ್ಲ ಅನ್ನುವುದು ಒಂದು. ಪಾದ ಕಟ್ಟಿದ ಹುಡುಗಿಯನ್ನು ನಮ್ಮ ಮಗನಿಗೆ ತರುವುದಿಲ್ಲ ಅನ್ನುವುದು ಇನ್ನೊಂದು. ಈ ಎರಡನೆಯ ಮಾತು ತಾಯಂದಿರ ಭಯಕ್ಕೇ ಉತ್ತರವಾಗಿತ್ತು. 1912ರಲ್ಲಿ ಹೊಸ ಗಣರಾಜ್ಯ ಕಾನೂನಿನ ನಿಷೇಧವನ್ನೂ ತಂದಿತು. ಕೆಲವು ಒಳನಾಡುಗಳಲ್ಲಿ ಇನ್ನಷ್ಟು ಕಾಲ ಎಳೆಯಿತು. ಆದರೆ ಅನೇಕ ಕಡೆ ನೂರಾರು ವರ್ಷದ ಪದ್ಧತಿ ಒಂದೇ ತಲೆಮಾರಿನಲ್ಲಿ ಮುಗಿಯಿತು.

ನಿಮ್ಮ ಮನೆಯ ಎರಡು ನ್ಯಾಯದ ಹಿಂದೆಯೂ ಯಾವುದೋ ಭಯ ಇದ್ದಿರುತ್ತದೆ. ವಯಸ್ಸಾದಾಗ ಯಾರು ನೋಡಿಕೊಳ್ಳುತ್ತಾರೆ ಅನ್ನುವ ಭಯ, ಜನ ಏನಂದುಕೊಳ್ಳುತ್ತಾರೆ ಅನ್ನುವ ಭಯ. ಆ ಭಯ ಇವತ್ತು ನಿಮಗಿದೆಯಾ? ಇದ್ದರೆ ಅದಕ್ಕೆ ಬೇರೆ ಏರ್ಪಾಡು ಮಾಡಿಕೊಳ್ಳಿ. ನಿಮ್ಮ ಇಳಿವಯಸ್ಸಿನ ಖರ್ಚು, ಆರೈಕೆಗೆ ನೀವೇ ದಾರಿ ಮಾಡಿಟ್ಟುಕೊಂಡರೆ ಮಕ್ಕಳಲ್ಲಿ ಭೇದ ಮಾಡುವ ಕಾರಣವೇ ಇರುವುದಿಲ್ಲ. ಇನ್ನೊಂದು ಮಾತು ನೇರವಾಗಿ ಹೇಳುತ್ತೇನೆ. ಆಸ್ತಿ ವಿಷಯ ಕಾಗದದ ಮೇಲೆ ಸರಿಯಾಗಿದೆ ಅಂದಿದ್ದೀರಿ. ಆ ಕಾಗದವನ್ನು ಒಮ್ಮೆ ತೆಗೆದು ಈ ಕಣ್ಣಿನಿಂದ ಓದಿ. ಅದರಲ್ಲಿ ಎಲ್ಲರಿಗೂ ಒಂದೇ ನ್ಯಾಯ ಇದೆಯಾ? ನೀವು ಬಾಯಲ್ಲಿ ಏನೇ ಹೇಳಿದರೂ ಮಕ್ಕಳು ನಿಮ್ಮ ನಿಜವಾದ ಮಾತು ಅಂತ ನಂಬುವುದು ಆ ಕಾಗದವನ್ನು. ಅಲ್ಲಿ ಹಳೆಯ ನ್ಯಾಯವೇ ಇದ್ದರೆ ನೀವು ಬಿಟ್ಟುಹೋಗುವುದು ಹಳೆಯ ನ್ಯಾಯವನ್ನೇ.

ತಂದೆಯ ಸಿಟ್ಟಿನ ವಿಷಯ ಸ್ವಲ್ಪ ಬೇರೆ. ಹೊಡೆತ ತಿಂದು ಬೆಳೆದವರು ಹೊಡೆಯುತ್ತಾರೆ, ಅದು ರಕ್ತದಲ್ಲೇ ಬರುತ್ತದೆ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಹಾಗಿಲ್ಲ. ಅಮೆರಿಕದ ಜೋನ್ ಕೌಫ್‌ಮನ್ ಮತ್ತು ಎಡ್ವರ್ಡ್ ಝಿಗ್ಲರ್ 1987ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದರು. ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದವರಲ್ಲಿ ಅದನ್ನೇ ತಮ್ಮ ಮಕ್ಕಳ ಮೇಲೆ ಮಾಡುವವರು ಶೇ. 30ರ ಆಸುಪಾಸು ಅಂತ ಅವರು ಅಂದಾಜು ಮಾಡಿದರು. ಉಳಿದವರಿಗಿಂತ ಇದು ಖಂಡಿತ ಜಾಸ್ತಿ. ಆದರೂ ಹೆಚ್ಚಿನವರು ಅದನ್ನು ಮುಂದುವರಿಸಲಿಲ್ಲ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಮುಂದುವರಿಸದವರಲ್ಲಿ ಏನಿತ್ತು? ಮಿನೆಸೋಟ ವಿಶ್ವವಿದ್ಯಾಲಯದ ಬೈರನ್ ಎಗೆಲಾಂಡ್ ಮತ್ತು ಜೊತೆಗಾರರು 1988ರಲ್ಲಿ ತಾಯಂದಿರ ಬಗ್ಗೆ ಪ್ರಕಟಿಸಿದ ಅಧ್ಯಯನ ಮೂರು ವಿಷಯ ಹೇಳುತ್ತದೆ. ಚಿಕ್ಕಂದಿನಲ್ಲಿ ಅವರಿಗೆ ಆಸರೆಯಾಗಿ ಒಬ್ಬ ಹಿರಿಯರಾದರೂ ಇದ್ದರು. ಅಥವಾ ಮುಂದೆ ಯಾವಾಗಲೋ ಆಪ್ತಸಮಾಲೋಚನೆಯಂಥ ನೆರವು ಪಡೆದಿದ್ದರು. ಅಥವಾ ಭರವಸೆ ಇಡಬಹುದಾದ ಸಂಗಾತಿ ಸಿಕ್ಕಿದ್ದರು. ನಿಮ್ಮ ಬಾಲ್ಯದಲ್ಲಿ ಆ ಆಸರೆ ಯಾರಾಗಿದ್ದರು ಅಂತ ಯೋಚಿಸಿ. ಸಿಟ್ಟಿನ ಮನೆಯಲ್ಲಿ ಬೆಳೆದವರಿಗೆ ತಂದೆಯ ನೆನಪಿನಷ್ಟೇ ಆ ಆಸರೆಯ ನೆನಪೂ ಮುಖ್ಯ. ಮಕ್ಕಳಿಗೆ ಆ ವ್ಯಕ್ತಿಯ ಬಗ್ಗೆ ಹೇಳಿದ್ದೀರಾ? ಅವರು ವಂಶವೃಕ್ಷದಲ್ಲಿ ಇಲ್ಲದಿರಬಹುದು. ಅಕ್ಕಪಕ್ಕದ ಮನೆಯವರಿರಬಹುದು, ಒಬ್ಬ ಮೇಷ್ಟ್ರಿರಬಹುದು. ಅವರೂ ನಿಮ್ಮ ಹಿರಿಯರೇ.

ತಂದೆಯ ಸಿಟ್ಟನ್ನು ಮಕ್ಕಳಿಂದ ಮುಚ್ಚಿಡಬೇಡಿ. ಅವರಿಗೆ ಅರ್ಧ ಗೊತ್ತೇ ಇರುತ್ತದೆ. "ನಿಮ್ಮ ತಾತ ನಮಗಾಗಿ ತುಂಬಾ ದುಡಿದರು. ಅವರ ಸಿಟ್ಟಿಗೆ ನಾವು ಹೆದರುತ್ತಿದ್ದೆವು. ದುಡಿಮೆಯನ್ನು ನಾನು ತೆಗೆದುಕೊಂಡೆ, ಸಿಟ್ಟನ್ನು ಇಲ್ಲಿಗೆ ನಿಲ್ಲಿಸಬೇಕು ಅಂತ ತೀರ್ಮಾನ ಮಾಡಿದೆ." ಇಷ್ಟು ಹೇಳಿದರೆ ಸಾಕು. ಅವರಿಗೆ ಯಾಕೆ ಅಷ್ಟು ಸಿಟ್ಟು ಬರುತ್ತಿತ್ತು ಅನ್ನುವುದು ಗೊತ್ತಿದ್ದರೆ ಅದನ್ನೂ ಹೇಳಿ. ಕಾರಣ ಹೇಳುವುದು ತಪ್ಪನ್ನು ಸರಿ ಅಂದಂತಲ್ಲ. ಯಾವ ಹೊತ್ತಿನಲ್ಲಿ ತಾವೂ ಎಚ್ಚರವಾಗಿರಬೇಕು ಅಂತ ಮಕ್ಕಳಿಗೆ ಅದರಿಂದ ಗೊತ್ತಾಗುತ್ತದೆ.

ಇನ್ನು "ಉಪದೇಶ ಬೇಡ" ಅನ್ನುವ ಮಕ್ಕಳು. ಅವರು ಹೇಳುತ್ತಿರುವುದರಲ್ಲಿ ನ್ಯಾಯವಿದೆ. ಅವರು ಬೇಡ ಅನ್ನುತ್ತಿರುವುದು ತೀರ್ಪನ್ನು. ಕತೆಯನ್ನು ಬೇಡ ಅಂದಿಲ್ಲ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ ಸುಮಾರು 2001ರಲ್ಲಿ ಮಕ್ಕಳಿಗೆ 20 ಪ್ರಶ್ನೆ ಕೇಳಿದರು. ಅಪ್ಪ ಅಮ್ಮ ಮೊದಲು ಭೇಟಿಯಾದದ್ದು ಎಲ್ಲಿ ಗೊತ್ತಾ? ಅಜ್ಜಿ ತಾತ ಬೆಳೆದದ್ದು ಎಲ್ಲಿ ಗೊತ್ತಾ? ನೀನು ಹುಟ್ಟಿದ ದಿನ ಏನಾಯಿತು ಗೊತ್ತಾ? ಇಂಥ ಪ್ರಶ್ನೆಗಳಿಗೆ ಹೆಚ್ಚು "ಗೊತ್ತು" ಅಂದ ಮಕ್ಕಳಲ್ಲಿ ತಮ್ಮ ಬಗ್ಗೆ ಭರವಸೆ ಹೆಚ್ಚಿತ್ತು, ಮನೆಯಲ್ಲಿ ಹೊಂದಾಣಿಕೆಯೂ ಚೆನ್ನಾಗಿತ್ತು. ಇದರಿಂದ ಇಪ್ಪತ್ತು ಉತ್ತರ ಬಾಯಿಪಾಠ ಮಾಡಿಸಿದರೆ ಸಾಕು ಅಂತ ಯಾರೂ ತಿಳಿಯಬಾರದು, ಹಾಗಂತ ಆ ಸಂಶೋಧಕರೇ ಹೇಳುತ್ತಾರೆ. ಈ ಉತ್ತರಗಳು ಮಗುವಿಗೆ ಗೊತ್ತಿರಬೇಕಾದರೆ ಆ ಮನೆಯಲ್ಲಿ ಯಾರೋ ಕೂತು ಹೇಳಿದ್ದಾರೆ, ಇನ್ಯಾರೋ ಕೇಳಿದ್ದಾರೆ. ಗುಣ ಇರುವುದು ಅಲ್ಲಿ. ಎಂಥ ಕತೆ ಒಳ್ಳೆಯದು ಅನ್ನುವುದನ್ನೂ ಡ್ಯೂಕ್ ಹೇಳಿದ್ದಾರೆ. ನಾವು ಬರೀ ಏಳುತ್ತಲೇ ಬಂದೆವು ಅನ್ನುವ ಕತೆಯೂ ಅಲ್ಲ, ಎಲ್ಲ ಕಳೆದುಕೊಂಡೆವು ಅನ್ನುವ ಕತೆಯೂ ಅಲ್ಲ. ಬಿದ್ದೆವು, ಎದ್ದೆವು, ಮತ್ತೆ ಬಿದ್ದೆವು, ಆದರೂ ಒಟ್ಟಿಗಿದ್ದೆವು ಅನ್ನುವ ಕತೆಯೇ ಮಕ್ಕಳಿಗೆ ಹೆಚ್ಚು ಬಲ ಕೊಡುತ್ತದೆ.

ಹಾಗಾಗಿ ಹೇಳುವ ಹೊತ್ತು ಆರಿಸಿಕೊಳ್ಳಿ. ಮಗನಿಗೋ ಮಗಳಿಗೋ ಕೆಲಸ ಹೋದ ದಿನ, ಮದುವೆಯ ವಿಷಯದಲ್ಲಿ ಮನಸ್ಸು ಮುರಿದ ದಿನ, ತಾಯಿಯಿಂದ ಕೇಳಿದ ಆ ಕಷ್ಟದ ವರ್ಷದ ಕತೆ ಹೇಳಿ. ಹೇಳಿ ಅಲ್ಲಿಗೇ ನಿಲ್ಲಿಸಿ. "ಅದಕ್ಕೇ ನೀನು ಕೂಡ..." ಅಂತ ಶುರು ಮಾಡಿದ ಕ್ಷಣವೇ ಕತೆ ಹೋಗಿ ಉಪದೇಶ ಬರುತ್ತದೆ. ಇನ್ನೂ ಒಳ್ಳೆಯದು, ಮೊಮ್ಮಕ್ಕಳೇ ಅಜ್ಜಿಯನ್ನು ವಿಡಿಯೋ ಕರೆಯಲ್ಲಿ ಮಾತಾಡಿಸಲಿ. ಮಕ್ಕಳಿಗೆ ಹೇಳದ ವಿಷಯವನ್ನು ಹಿರಿಯರು ಮೊಮ್ಮಕ್ಕಳಿಗೆ ಸಲೀಸಾಗಿ ಹೇಳುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ತಾವೇ ಕೇಳಿ ಪಡೆದದ್ದನ್ನು ಆ ಮೊಮ್ಮಕ್ಕಳು ಬೇಗ ಮರೆಯುವುದಿಲ್ಲ.

ಕೈಕೆಲಸದ ತಿಳಿವಳಿಕೆಗೆ ಮಾತು, ರೆಕಾರ್ಡಿಂಗ್ ಎರಡೂ ಸಾಲವು. ಜಪಾನಿನ ಇಸೆ ದೇವಾಲಯವನ್ನು 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹಳೆಯ ರೀತಿಯಲ್ಲೇ ಹೊಸದಾಗಿ ಕಟ್ಟುತ್ತಾರೆ. 2013ರಲ್ಲಿ ಕಟ್ಟಿದ್ದು 62ನೆಯ ಸಲ. ಇಪ್ಪತ್ತು ವರ್ಷದ ಅಂತರ ಇರುವುದರಿಂದ ಒಬ್ಬ ಬಡಗಿ ಹುಡುಗನಾಗಿದ್ದಾಗ ಕಲಿಯಬಹುದು, ನಡುವಯಸ್ಸಿನಲ್ಲಿ ಕಟ್ಟಬಹುದು, ಆಮೇಲೆ ಕಲಿಸಬಹುದು. ನಿಮ್ಮ ತಾಯಿಗೆ ಹೊಲಿಗೆ ಬರುತ್ತದೆಯೋ, ಗಿಡಗಳ ಗುಣ ಗೊತ್ತೋ, ಹಾಡು ಬರುತ್ತದೆಯೋ, ಅದನ್ನು ಬರೆದುಕೊಳ್ಳುವ ಬದಲು ಪಕ್ಕದಲ್ಲಿ ಕೂತು ಮಾಡಿ. ಹೆಸರು ಮರೆತವರ ಕೈಗಳಿಗೆ ಕೆಲಸ ಬಹಳ ದಿನ ನೆನಪಿರುತ್ತದೆ.

ಕೊನೆಯದಾಗಿ ನಿಮ್ಮದೇ ಮಾತು. ಎರಿಕ್ ಎರಿಕ್ಸನ್ ಅನ್ನುವ ಮನಶ್ಶಾಸ್ತ್ರಜ್ಞ 1950ರಲ್ಲಿ ಮನುಷ್ಯನ ಬದುಕನ್ನು ಎಂಟು ಹಂತ ಮಾಡಿ ವಿವರಿಸಿದರು. ಅದರಲ್ಲಿ ನಡುವಯಸ್ಸಿನದ್ದು ಏಳನೆಯದು. ಮುಂದಿನವರಿಗಾಗಿ ಏನಾದರೂ ಮಾಡಬೇಕು ಅನ್ನುವ ತುಡಿತ ಆ ಹಂತದ ಲಕ್ಷಣ ಅಂದರು. ನಿಮಗೆ 54, ಸರಿಯಾದ ಹೊತ್ತಿನಲ್ಲೇ ಕೇಳುತ್ತಿದ್ದೀರಿ. ಮಕ್ಕಳಿಗೆ ಒಂದು ಪತ್ರ ಬರೆಯಿರಿ. ಯೆಹೂದಿಗಳಲ್ಲಿ ಇದು ಬಹಳ ಹಳೆಯ ರೂಢಿ. ಹನ್ನೆರಡನೆಯ ಶತಮಾನದಲ್ಲಿ ಯೆಹೂದಾ ಇಬ್ನ್ ಟಿಬ್ಬನ್ ಅನ್ನುವ ವೈದ್ಯ, ಅನುವಾದಕ ತನ್ನ ಮಗ ಸ್ಯಾಮುಯೆಲ್‌ಗೆ ಬರೆದ ಉದ್ದನೆಯ ಪತ್ರ ಇವತ್ತಿಗೂ ಉಳಿದಿದೆ. ಅದರಲ್ಲಿ ಬೈಗುಳ ಬೇಕಾದಷ್ಟಿದೆ. ಜೊತೆಗೆ, ಹೀಬ್ರೂ ಪುಸ್ತಕಗಳನ್ನು ತಿಂಗಳಿಗೊಮ್ಮೆ ನೋಡು, ಅರೇಬಿಕ್ ಪುಸ್ತಕಗಳನ್ನು ಎರಡು ತಿಂಗಳಿಗೊಮ್ಮೆ ನೋಡು ಅನ್ನುವಷ್ಟು ವಿವರವೂ ಇದೆ. ಮಗ ಮುಂದೆ ತಾನೂ ದೊಡ್ಡ ಅನುವಾದಕನಾದ. ಬೈಗುಳ ನಿಮಗೆ ಬೇಡ. ವಿವರ ಮಾತ್ರ ಕಲಿಯಿರಿ. "ಒಳ್ಳೆಯವರಾಗಿ ಬಾಳಿ" ಅಂತ ಯಾವ ತಾಯಿಯೂ ಬರೆಯಬಹುದು. ನೀವು ಮಾತ್ರ ಬರೆಯಬಹುದಾದದ್ದನ್ನು ಬರೆಯಿರಿ. ಯಾವ ತೀರ್ಮಾನ ನಿಮಗೆ ಕಷ್ಟವಾಯಿತು, ಆಗ ಯಾವ ಹಿರಿಯರ ಯಾವ ಮಾತು ನೆನಪಾಯಿತು, ಅದನ್ನು ಪಾಲಿಸಿದಿರೋ ಮೀರಿದಿರೋ, ಯಾಕೆ.

ಬರೆಯುವುದು ಕಷ್ಟ ಅನ್ನಿಸಿದರೆ ಹೇಳಿ ಬರೆಸಿ. ಕೆನಡಾದ ವೈದ್ಯ ಹಾರ್ವೆ ಚೋಚಿನೊವ್ ಸಾವಿನ ಹತ್ತಿರ ಇರುವ ರೋಗಿಗಳಿಗಾಗಿ ಇಂಥ ಒಂದು ಕ್ರಮ ರೂಪಿಸಿದ್ದಾರೆ. ಪ್ರಶ್ನೆಗಳನ್ನು ಮೊದಲೇ ಕೊಡುತ್ತಾರೆ, ಮಾತನ್ನು ರೆಕಾರ್ಡ್ ಮಾಡಿ ಬರಹಕ್ಕಿಳಿಸುತ್ತಾರೆ, ರೋಗಿಗೆ ಓದಿ ಹೇಳಿ ತಿದ್ದಿಸುತ್ತಾರೆ, ಆಮೇಲೆ ಮನೆಯವರಿಗೆ ಕೊಡಲು ಅವರ ಕೈಗೇ ಕೊಡುತ್ತಾರೆ. 2005ರಲ್ಲಿ ಪ್ರಕಟವಾದ ಅವರ ಮೊದಲ ದೊಡ್ಡ ಅಧ್ಯಯನದಲ್ಲಿ 100 ಮಂದಿ ಇದ್ದರು. ಅವರಲ್ಲಿ 91 ಮಂದಿ ಇದರಿಂದ ತೃಪ್ತಿಯಾಯಿತು ಅಂದರು. 76 ಮಂದಿ ತಮ್ಮ ಘನತೆ ಹೆಚ್ಚಿದಂತೆ ಅನ್ನಿಸಿತು ಅಂದರು. ಈ ಕ್ರಮದಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ಓದಿ ತಿದ್ದುವ ಹಂತ. ಓದುವವರನ್ನು ಸುಮ್ನೆ ಗಾಯಗೊಳಿಸುವ ಸಾಲುಗಳನ್ನು ಅಲ್ಲಿ ಗುರುತಿಸಿ, ಹಾಗೇ ಇಡಬೇಕಾ ಅಂತ ಕೇಳುತ್ತಾರೆ. ನೀವೂ ಬರೆದದ್ದನ್ನು ಒಂದು ತಿಂಗಳು ಬಿಟ್ಟು ಮತ್ತೆ ಓದಿ.

ಪತ್ರವನ್ನು ನಿಮ್ಮ ನಂತರ ತೆರೆಯಲಿ ಅಂತ ಲಾಕರಿನಲ್ಲಿ ಇಡಬೇಡಿ. ಈಗಲೇ ಕೊಡಿ. ಆಗ ಅವರು "ಇದು ಯಾಕೆ ಹೀಗೆ?" ಅಂತ ನಿಮ್ಮನ್ನೇ ಕೇಳಬಹುದು, ನೀವು ಉತ್ತರಿಸಬಹುದು. ಸಾಲುಗಳ ಪಕ್ಕದಲ್ಲಿ ಅಗಲವಾಗಿ ಜಾಗ ಬಿಟ್ಟು ಬರೆಯಿರಿ. ಒಪ್ಪದ ಕಡೆ ತಮ್ಮ ಮಾತನ್ನೂ ಅಲ್ಲೇ ಬರೆಯಲು ಅವರಿಗೆ ಹೇಳಿ. ಒಂದು ಪ್ರತಿ ನಿಮ್ಮಲ್ಲಿರಲಿ, ಇಬ್ಬರಿಗೂ ಒಂದೊಂದು ಕೊಡಿ.